ಮೂರನೇ ಯುಗಾದಿಯ ಸೇವಂತಿಗೆ

"ಸಾಬ್ರೇ, ನಿಮ್ಮ ಹೂವು ನಿಮಗಿಂತ ಮೊದ್ಲೇ ಊರು ಸುತ್ಕಂಡು ಬಂದೈತೆ ನೋಡ್ರಿ!"

ಹೊಳಲ್ಕೆರೆ ಬಸ್ ನಿಲ್ದಾಣದ ಎದುರು ಹೂವಿನ ಬುಟ್ಟಿ ಇಟ್ಟುಕೊಂಡು ಕೂರುವ ಪುಟ್ಟಕ್ಕ ಹೀಗೆ ಕೂಗಿದಾಗ, ಟೈಲರ್ ಹಜರತ್ ಅಲಿ ತಮ್ಮ ಅಂಗಡಿಯ ಬಾಗಿಲು ಎತ್ತುತ್ತಿದ್ದರು. ತಮಾಷೆ ಇರಬೇಕು ಅಂದುಕೊಂಡರು. ಬೋಣಿಗೆಗೆ ಮುಂಚೆ ಒಬ್ಬರನ್ನಾದರೂ ಕಾಡದಿದ್ದರೆ ಆ ದಿನ ವ್ಯಾಪಾರವೇ ಆಗದು ಎಂದು ನಂಬಿದ ಹೆಂಗಸು ಅವಳು.

"ನಂದು ಇನ್ನೂ ಮನೆ ಮಾಳಿಗೆ ಮೇಲೇ ಐತೆ ಪುಟ್ಟಕ್ಕ. ಬೆಳಿಗ್ಗೆ ನೀರು ಹಾಕಿ ಬಂದೀನಿ."

"ಹಂಗಾರೆ ಇದೇನು, ಹೋದ ಯುಗಾದಿಗೆ ನಿಮ್ಮ ಮನೇಲಿ ನಾನು ನೋಡಿದ ಹೂವಿನ ಅವಳಿ ತಂಗೀನಾ?"

ಅವಳು ಬುಟ್ಟಿಯ ಒದ್ದೆ ಬಟ್ಟೆ ಸರಿಸಿದಳು. ಅಲಿ ಬಗ್ಗಿ ನೋಡಿದರು. ಸುಟ್ಟ ಇಟ್ಟಿಗೆಯ ಕೆಂಪು ಸೇವಂತಿಗೆ. ಎಸಳಿನ ಅಂಚಿಗೆ ಮಾತ್ರ ಪೈಪಿಂಗ್ ಹೊಲಿದ ಹಾಗೆ ಸಣ್ಣ ಹಳದಿ. ತಾವೇ ಹೊಲಿದ ಅಂಗಿಯನ್ನು ಗೊತ್ತಿಲ್ಲದವನ ಮೈಮೇಲೆ ಕಂಡಂತಾಯಿತು.

"ಎಲ್ಲಿಂದ ಬಂತು?"

"ಹೊಸದುರ್ಗದ ರಸ್ತೆ ಪರಮೇಶನ ನರ್ಸರಿಯಿಂದ. ಮಂಗಳಾ ಅಂತೆ ಇದರ ಹೆಸ್ರು. ವರ್ಷಕ್ಕೆ ಎರಡು ಸಲ ಬಿಡುತ್ತಂತೆ. ಗಿಡ ತಗಳಾಕೆ ಜನ ಮುಗಿಬಿದ್ದಾರಂತೆ." ಪುಟ್ಟಕ್ಕ ಅವರ ಮುಖ ನೋಡಿ ದನಿ ಇಳಿಸಿದಳು. "ಅವ್ನಿಗೆ ಗಿಡ ಕೊಟ್ಟಿದ್ರಾ ಸಾಬ್ರೇ?"

ಕೊಟ್ಟಿದ್ದರು. ಹೋದ ವರ್ಷದ ಮಳೆಗಾಲದಲ್ಲಿ ಬೇರು ಸಮೇತ ಮೂರು ಮರಿಗಿಡಗಳನ್ನು ಒದ್ದೆ ಲೈನಿಂಗ್ ಬಟ್ಟೆಯಲ್ಲಿ ಸುತ್ತಿ, "ಮಾಳಿಗೆ ಮೇಲಿನ ಕುಂಡದಾಗೆ ಸರಿ, ಹೊಲದ ಮಣ್ಣಾಗೆ ಹೆಂಗೆ ಬರುತ್ತೆ ನೋಡಪ್ಪ" ಎಂದು ತಾವೇ ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದಿದ್ದರು.

ಆ ಗಿಡದ ಹಿಂದೆ ಹೊಸ ತಳಿಗಾಗಿ ದುಡಿದ ಏಳು ವರ್ಷಗಳಿದ್ದವು. ಅರೆ ಅರಳಿದ ಹೂವನ್ನು ಹಿಡಿದು, ಎಸಳುಗಳನ್ನು ಬುಡದವರೆಗೆ ಕತ್ತರಿಸಿ, ಒಳಗಿನ ಸೀಳು ನಾಲಿಗೆ ಕಾಣುವಂತೆ ಮಾಡುವುದು. ಇನ್ನೊಂದು ಹೂವಿನ ನಡುವಿನ ಹಳದಿ ಪುಡಿಯನ್ನು ಬಣ್ಣದ ಕುಂಚದಲ್ಲಿ ತಂದು ಸವರುವುದು. ಜೇನು ಮುಟ್ಟದಂತೆ ಮೇಲೆ ತೆಳು ಮಲ್ ಬಟ್ಟೆಯ ಚೀಲ ಕಟ್ಟುವುದು. ಯಾವ ತಾಯಿಗೆ ಯಾವ ತಂದೆ ಎಂಬುದಕ್ಕೆ ಒಂದೊಂದು ಬಣ್ಣದ ನೂಲು. ಇಷ್ಟು ಮಾಡಿದರೂ ನೂರು ಸಸಿಯಲ್ಲಿ ತೊಂಬತ್ತೆಂಟು ಕಸ. ಬಣ್ಣ ಬಂದರೆ ಎರಡನೇ ಸಲ ಬಿಡುವುದಿಲ್ಲ, ಎರಡನೇ ಸಲ ಬಿಟ್ಟರೆ ಬಣ್ಣ ತೊಳೆದ ಬನಿಯನ್ನಿನದು. ಕೊನೆಗೆ ಈ ಒಂದು ಬಂದಿತ್ತು: ಕಾರ್ತಿಕದಲ್ಲಿ ಬಿಟ್ಟು, ಯುಗಾದಿಯ ಬಿಸಿಲಲ್ಲಿ ಮತ್ತೆ ಬಿಟ್ಟಿತ್ತು. ಎರಡು ಯುಗಾದಿ ಹಾಗೆ ಬಿಟ್ಟಿತ್ತು. ಆದರೆ ಟ್ರಯಲ್ ನೋಡದೆ ಕೋಟು ಕೊಡುವವರಲ್ಲ ಅಲಿ. ಮೂರನೇ ಯುಗಾದಿಗೂ ಬಿಟ್ಟರೆ ಮಾತ್ರ ಹೆಸರಿಡುವುದು, ಊರಿಗೆಲ್ಲ ತೋರಿಸುವುದು, ನನ್ನ ಮಾಳಿಗೆಯಲ್ಲಿ ಹುಟ್ಟಿದ್ದು ಎಂದು ಹೇಳಿಕೊಳ್ಳುವುದು. "ಕೂಸಿಗೆ ಹಲ್ಲು ಬಂದ ಮೇಲೆ ಹೆಸರಿಡ್ತಾರೇನ್ರಿ?" ಎಂದು ಹೆಂಡತಿ ಅಮೀನಾ ಬೀ ನಗುತ್ತಿದ್ದಳು. ಆ ಯುಗಾದಿಗೆ ಇನ್ನೂ ನಾಲ್ಕೂವರೆ ತಿಂಗಳಿತ್ತು.

ಅಲಿ ಅಂಗಡಿಯ ಬಾಗಿಲು ಮತ್ತೆ ಎಳೆದರು. ಹೊಸದುರ್ಗದ ಬಸ್ಸು ಹತ್ತಿದರು.

ನರ್ಸರಿಯ ಹಸಿರು ನೆರಳು ಬಲೆಯ ಕೆಳಗೆ ಅವರ ಹೂವು ಸಾಲುಗಟ್ಟಿ ನಿಂತಿತ್ತು. ಹೊಲದ ಮಣ್ಣು ತುಂಬಿದ ಕುಂಡಗಳು, ಒಂದಲ್ಲ, ಎರಡಲ್ಲ. ಕಣ್ಣು ಹೋದಷ್ಟು ದೂರ. ಅಲಿಗೆ ಮೊದಲು ಬಂದದ್ದು ಸಿಟ್ಟಲ್ಲ, ಖುಷಿ. ಹೊಲದ ಮಣ್ಣಿಗೂ ಬಂದಿದೆ, ಬಣ್ಣ ಕೆಟ್ಟಿಲ್ಲ! ಆಮೇಲೆ ತಮ್ಮ ಖುಷಿಯ ಮೇಲೇ ಸಿಟ್ಟು ಬಂತು.

"ಬರ್ರಿ ಅಲಿ ಅಣ್ಣ, ಕುಂತ್ಕಳ್ರಿ!" ಪರಮೇಶ ತಾನೇ ಕುರ್ಚಿ ಎಳೆದ. ಅವನ ಮದುವೆಯ ಕೋಟು ಹೊಲಿದದ್ದು ಅಲಿಯೇ. "ಟೀ ತರಿಸ್ಲಾ?"

"ಟೀ ಆಮೇಲೆ. ಮಂಗಳಾ ಅಂದ್ರೆ ಯಾರಪ್ಪ?"

"ನನ್ನ ಮಗಳು. ಮರೆತ್ರಾ? ಅವ್ಳ ಲಂಗ ನೀವೇ ಹೊಲಿದಿದ್ರಿ."

"ಲಂಗ ಹೊಲಿದಿದ್ದು ನೆನಪೈತೆ. ಹೂವು ಯಾರು ಹೊಲಿದಿದ್ದು ಅಂತ ಕೇಳ್ತಿದೀನಿ."

ಪರಮೇಶ ಕೈಗೆ ಮೆತ್ತಿದ ಗೊಬ್ಬರವನ್ನು ಪ್ಯಾಂಟಿಗೆ ಒರೆಸಿಕೊಂಡ. "ಅಣ್ಣ, ಬೇಜಾರು ಮಾಡ್ಕಬ್ಯಾಡ್ರಿ. ಕೆಂಪು ತಾಯಿಗಿಡ ಎಲ್ಲಿಂದ ತಗಂಡು ಹೋಗಿದ್ರಿ? ಇಲ್ಲಿಂದ. ನನ್ನ ಗಿಡದ ಹೊಟ್ಟೆಯಾಗೆ ಹುಟ್ಟಿದ್ದು ನನಗೆ ಏನೂ ಆಗಬೇಕಿಲ್ವಾ?"

"ತಂದೆ? ಜೋಗಿಮಟ್ಟಿ ದಾರಿ ಟೀ ಅಂಗಡಿ ಹಿಂದೆ, ಎಣ್ಣೆ ಡಬ್ಬದಾಗೆ, ಏಪ್ರಿಲ್ ಬಿಸಿಲಾಗೆ ಒಂದು ಬಡಕಲು ಹಳದಿ ಹೂವು ಬಿಟ್ಟಿತ್ತು. ನೋಡಿದೋರು ಸಾವಿರ ಜನ. ಇದರ ರಕ್ತದಾಗೆ ಬೇಸಿಗೆ ಐತೆ ಅಂತ ಕಂಡಿದ್ದು ಯಾರಿಗೆ?"

"ನಿಮಗೇ, ಇಲ್ಲ ಅಂದೋನು ಯಾರು? ಆದ್ರೆ ಜನ ಬಂದು ಇದೇನು ಅಂತ ಕೇಳ್ತಾರೆ. ಹೆಸರಿಲ್ಲದ್ದನ್ನ ಹೆಂಗೆ ಕೊಡ್ಲಿ? ಆಯ್ತು, ಈಗ್ಲೇ ಬದಲಾಯಿಸ್ತೀನಿ. ನೀವು ಏನು ಹೆಸರಿಟ್ಟಿದ್ರಿ, ಹೇಳ್ರಿ."

ಅಲಿ ಬಾಯಿ ತೆರೆದರು. ಹುಟ್ಟಿದಾಗಿನಿಂದ ಆ ಗಿಡವನ್ನು ಅವರು ಕರೆದದ್ದು ಅದಕ್ಕೆ ಕಟ್ಟಿದ ನೂಲಿನಿಂದ ಮಾತ್ರ: ಬೂದಿ ನೂಲಿನದು. ಸತ್ಯವಂತ ಮನುಷ್ಯ, ಆ ಕ್ಷಣಕ್ಕೆ ಸುಳ್ಳು ಹೆಸರೊಂದೂ ಹೊಳೆಯಲಿಲ್ಲ.

"ಇಟ್ಟಿರ್ಲಿಲ್ಲ," ಎಂದರು. "ಇನ್ನೊಂದು ಯುಗಾದಿ ನೋಡಬೇಕಿತ್ತು."

"ನೋಡಿದ್ರಾ ಮತ್ತೆ," ಎಂದ ಪರಮೇಶ. ಅಣಕವಿರಲಿಲ್ಲ ಆ ದನಿಯಲ್ಲಿ, ಕನಿಕರವಿತ್ತು. ಅಣಕವೇ ಇದ್ದಿದ್ದರೆ ಅಲಿಗೆ ಬೈಯಲು ಅನುಕೂಲವಾಗುತ್ತಿತ್ತು.

ಅಷ್ಟರಲ್ಲಿ ಚಿತ್ರದುರ್ಗದಿಂದ ಕಾರಿನಲ್ಲಿ ಬಂದ ಹೆಂಗಸೊಬ್ಬರು ಹನ್ನೆರಡು ಕುಂಡ ಆರಿಸಿ ಪಕ್ಕಕ್ಕಿಟ್ಟುಕೊಂಡು, "ಇದು ನಿಜವಾಗ್ಲೂ ಎರಡು ಸಲ ಬಿಡುತ್ತಾ, ಇಲ್ಲ ಬರೀ ಮಾರೋವರೆಗಿನ ಮಾತಾ?" ಎಂದರು.

"ಖಂಡಿತ ಬಿಡುತ್ತೆ ಮೇಡಂ. ಪ್ರತಿ ವರ್ಷ!" ಎಂದ ಪರಮೇಶ.

"ಪ್ರತಿ ವರ್ಷ ಅಂತ ಹೇಳಾಕಾಗಲ್ಲ ತಾಯಿ," ಅಲಿಯ ಬಾಯಿಂದ ತಾನಾಗಿ ಬಂತು. "ಎರಡು ಯುಗಾದಿ ಬಿಟ್ಟೈತೆ. ಮೂರನೇದು ಯಾರೂ ನೋಡಿಲ್ಲ. ಕಾರ್ತಿಕದ ಹೂವು ಮುಗಿದ ಕೂಡ್ಲೇ ಬುಡದಿಂದ ಗೇಣುದ್ದ ಬಿಟ್ಟು ಕತ್ತರಿಸ್ರಿ. ಮಧ್ಯಾಹ್ನದ ಬಿಸಿಲಿಗೆ ನೆರಳು ಕೊಡ್ರಿ."

ಹೆಂಗಸು ಅವರನ್ನು ಮೇಲಿನಿಂದ ಕೆಳಗೆ ನೋಡಿ ಪರಮೇಶನ ಕಡೆ ತಿರುಗಿದರು. "ಪರವಾಗಿಲ್ಲ ರೀ, ಒಳ್ಳೆ ಆಳನ್ನ ಇಟ್ಕೊಂಡಿದ್ದೀರ. ಸುಳ್ಳು ಹೇಳಲ್ಲ." ಆಮೇಲೆ ಅಲಿಗೆ, "ಏನಪ್ಪಾ, ಇವನ್ನೆಲ್ಲ ಸ್ವಲ್ಪ ಡಿಕ್ಕಿಗೆ ಇಟ್ಟುಬಿಡು. ಮೊಗ್ಗು ಉದುರಿಸಬೇಡ."

ಪರಮೇಶ ಎದ್ದು ಏನೋ ಹೇಳಹೋದ. ಅಲಿ ಅವನ ಕಡೆ ನೋಡಲಿಲ್ಲ. ಬಗ್ಗಿ, ಎರಡೆರಡಾಗಿ ಕುಂಡಗಳನ್ನು ಎತ್ತಿ, ಆರು ಸಲ ಕಾರಿನವರೆಗೆ ಹೋಗಿ ಬಂದರು. ದಾರಿಯಲ್ಲಿ ಅಲುಗದಂತೆ ಒಂದಕ್ಕೊಂದು ಒತ್ತಿ ನಿಲ್ಲಿಸಿದರು. ಡಿಕ್ಕಿಯ ಮುಚ್ಚಳಕ್ಕೆ ತಾಗುತ್ತಿದ್ದ ಒಂದು ಟೊಂಗೆಯನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಬಗ್ಗಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಮುಚ್ಚಳ ಹಾಕಿದರು.