ಮಾದೇವಿಯ ಮನೆಯ ಕಸ

ಊರುಗಳು ಪರಿಸರವನ್ನು ಎಷ್ಟು ಉಳಿಸಿಕೊಂಡಿವೆ ಎಂದು ಅಳೆಯುವ ಸಮೀಕ್ಷೆಗೆ ಅಂಕೋಲೆಯ ಸಂಧ್ಯಾ ಸೇರಿದ್ದಳು. ಕಾರವಾರದ ಕೋಡಿಬಾಗದ ಓಣಿಯೊಂದರಲ್ಲಿ ಪ್ರತಿ ಮನೆಯ ಒಂದು ವಾರದ ಕಸ ತೂಗಿ ಟ್ಯಾಬಿನಲ್ಲಿ ತುಂಬುವುದು ಅವಳ ಕೆಲಸ.

ಮೀನು ಮಾರುವ ಮಾದೇವಿಯ ಮನೆಯಲ್ಲಿ ಕಸ ತುಂಬಿಡಲು ವಾರದ ಹಿಂದೆ ಕೊಟ್ಟ ಚೀಲ ಮಡಿಕೆ ಬಿಚ್ಚದೆ ಬಿದ್ದಿತ್ತು.

"ಕಸ ಎಲ್ಲಿ ಅಕ್ಕಾ?"

"ಎಲ್ಲಿಂದ ತರುದು ತಂಗೀ? ಮೀನಿನ ತಲೆ ಬೆಕ್ಕು ತಿಂತದೆ. ಉಳ್ದದ್ದು ತೆಂಗಿನ ಬುಡಕ್ಕೆ. ಕರಟ ಬಚ್ಚಲೊಲೆಗೆ."

ಸಂಧ್ಯಾ ಸೊನ್ನೆ ಒತ್ತಿದಳು. 'ಸರಿಯಾದ ತೂಕ ನಮೂದಿಸಿ' ಎಂದು ಕೆಂಪಕ್ಷರ ಮೂಡಿತು. ನಾಲ್ಕು ಸಲ ಒತ್ತಿದರೂ ಅಷ್ಟೇ. ಈ ಮನೆ ಮುಗಿಯದೆ ಟ್ಯಾಬಿನಲ್ಲಿ ಮುಂದಿನ ಮನೆಯ ಪುಟ ತೆರೆಯುವಂತಿರಲಿಲ್ಲ. ಹುಡುಗಿಯ ಮುಖ ಸಣ್ಣದಾಯಿತು.

"ಅಳ್ಬೇಡ ಮಾರಾಯ್ತಿ. ಕಸ ಅಲ್ವಾ? ಕೇಳಿ ತರ್ತೆ."

ಎದುರು ಮನೆಯ ನಿವೃತ್ತ ಮಾಸ್ತರ ಜಗದೀಶ ಗೇಟಿಗೆ 'ಹಸಿರು ಮನೆ' ಎಂಬ ಫಲಕ ಹಾಕಿಸಿಕೊಂಡವರು. ತುಂಬಿ ತುಳುಕುವ ತಮ್ಮ ಚೀಲ ನೋಡಿ ಬೆವರುತ್ತಿದ್ದರು.

"ಮಾಸ್ತರೇ, ಸ್ವಲ್ಪ ಕಸ ಕೊಡ್ತ್ರಾ?"

ಕೇಳಿದ್ದೇ ತಡ, ಪಾರ್ಸೆಲ್ ಡಬ್ಬಿ, ಬಾಟಲಿ, ಥರ್ಮಾಕೋಲು ಎಲ್ಲವನ್ನೂ ಅವಳ ಬುಟ್ಟಿಗೆ ಸುರಿದರು. "ಯಾರಿಗೂ ಹೇಳ್ಬೇಡ" ಎಂದೂ ಬೇಡಿಕೊಂಡರು. ಆದರೆ ಅರ್ಧ ಗಂಟೆಯೊಳಗೆ ಇನ್ನೂ ಐದು ಮನೆಯವರು ಹಿತ್ತಿಲ ಕಡೆಯಿಂದ ಚೀಲ ಹೊತ್ತು ಬಂದರು. ಮಾದೇವಿ ಯಾರಿಗೂ ಇಲ್ಲ ಎನ್ನಲಿಲ್ಲ.

ಕಾಟಾ ಮೂವತ್ತೊಂದು ಕಿಲೋ ತೋರಿಸಿತು.

"ಇಷ್ಟು ಬೇಡ ಅಕ್ಕಾ!"

"ನಿನ್ನ ಮಿಶಿನ್ನಿಗೆ ತೂಕ ಬೇಕಿತ್ತಲ್ಲ? ಬರ್ಕಾ."

ಕೊನೆಯ ಬಸ್ಸಿನ ಹೊತ್ತಾಗಿತ್ತು. ಸಂಧ್ಯಾ ಬರೆದುಕೊಂಡು, ಉಳಿದ ಮನೆಗಳ ಹಗುರಾದ ಚೀಲಗಳನ್ನು ಬೇಗಬೇಗ ತೂಗಿ ಓಡಿದಳು.

ಹದಿನೈದು ದಿನದ ಮೇಲೆ ಅವಳ ಜೊತೆ ಮೂವರು ಅಧಿಕಾರಿಗಳು ಬಂದಿಳಿದರು. ಊರಿನಲ್ಲೇ ಅತಿ ಹೆಚ್ಚು ಕಸ ಮಾಡುವ ಹೆಂಗಸಿಗೆ ತಿಳಿವಳಿಕೆ ಹೇಳಬೇಕಿತ್ತು. ಗುಡಿಸಿದ ಅಂಗಳ, ಖಾಲಿ ಬುಟ್ಟಿ ನೋಡಿ ಹಿರಿಯ ಅಧಿಕಾರಿ ಕಕ್ಕಾಬಿಕ್ಕಿಯಾದರು. ಸಂಧ್ಯಾ ತಲೆ ತಗ್ಗಿಸಿ ನಡೆದದ್ದೆಲ್ಲ ಒಪ್ಪಿಕೊಂಡಳು. ಬೈಗುಳಕ್ಕೆ ಕಾದವಳಿಗೆ ಕೇಳಿಸಿದ್ದು ಆ ಅಧಿಕಾರಿಯ ನಗು.

"ಇಡೀ ಓಣಿ ಮತ್ತೆ ತೂಗು. ತಿಳಿವಳಿಕೆ ಮಾದೇವಿಯವರೇ ಹೇಳ್ಲಿ."

ಸಂಜೆ ಮಾಸ್ತರರ ಅಂಗಳದಲ್ಲೇ ಜನ ಸೇರಿದರು. ಮಾದೇವಿ ಸೆರಗು ಬಿಗಿದು ಎದುರಿಗೆ ನಿಂತಳು. ಮೊದಲು ಕೈ ಎತ್ತಿದವರು ಮಾಸ್ತರರೇ.

"ಪಾರ್ಸೆಲ್ ಡಬ್ಬಿ ಎಂತ ಮಾಡುದು ಮಾದೇವಿ?"

"ತರಿಸ್ಬೇಡಿ ಮಾಸ್ತರೇ."

ಹಿಂದಿನ ಸಾಲಿನಲ್ಲಿ ಸಂಧ್ಯಾ ಬಾಯಿಗೆ ದುಪಟ್ಟಾ ಒತ್ತಿಕೊಂಡಳು.