ಯಾರೂ ಹತ್ತದ ಗುಡ್ಡ

ಕುಂಬಾರವಾಡದ ಹತ್ತಿರದ ಆ ಹಳ್ಳಿಯಲ್ಲಿ ನನ್ನ ಕೆಲಸ ಅಷ್ಟು ಸಲೀಸಾಗಿ ಮುಗಿದಾಗಲೇ ಸಂಶಯ ಬರಬೇಕಿತ್ತು. ಬರಲಿಲ್ಲ. ಕೆಲಸಕ್ಕೆ ಸೇರಿ ಐದು ತಿಂಗಳಾಗಿದ್ದರೂ ತಲೆಗೆ ಬುದ್ಧಿ ಇನ್ನೂ ಸೇರಿರಲಿಲ್ಲ.

೨೦೦೩ರ ಮೇ ತಿಂಗಳು. ಊರ ಹಿಂದಿನ ಗುಡ್ಡದಲ್ಲಿ ಹೊಸ ಗಿಡ ನೆಡಲು ಒಂದು ಕಂಪನಿ ಬ್ಯಾಂಕಿನ ಸಾಲ ಕೇಳಿತ್ತು. ಹಸಿರು ಬೆಳೆಸುತ್ತೇವೆಂದರೆ ಯಾರು ಬೇಡವೆನ್ನುತ್ತಾರೆ? ಆದರೂ ಇದರಿಂದ ಕಾಡಿಗಾಗಲಿ ಜನರಿಗಾಗಲಿ ಕೇಡಾದೀತೇ ಎಂದು ವಿಚಾರಿಸಿ ಬರೆದು ತರಲು ಬ್ಯಾಂಕಿನವರು ಹಳಿಯಾಳದಿಂದ ನನ್ನನ್ನು ಅಟ್ಟಿದ್ದರು. ಬಾಡಿಗೆ ಜೀಪು ದಾಂಡೇಲಿಯ ಶೌಕತನದು. ಜೀಪಿಗೆ ಹಸಿರು ಬಣ್ಣ, ಶೌಕತನಿಗೆ ಖಾಕಿ ಅಂಗಿ.

ನಾವು ಇಳಿಯುವಷ್ಟರಲ್ಲಿ ಕೇರಿ ಖಾಲಿಯಾಗಿತ್ತು. ಗೋದುಬಾಯಿ ಎಂಬ ಅರವತ್ತರ ಹೆಂಗಸೊಬ್ಬಳು ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರು ನಿಂತಳು. ಅವಳ ಹಿಂದೆ ಸೊಸೆ ತುಳಜಾ.

"ಈ ಗುಡ್ಡಕ್ಕ ಯಾರ್ಯಾರು ಹೋಗ್ತೀರಿ, ಅವ್ವಾರ?" ಎಂದೆ.

"ಯಾವ ಗುಡ್ಡರಿ?"

ಗುಡ್ಡ ಅವಳ ಬೆನ್ನ ಹಿಂದೆಯೇ ಇತ್ತು. ತೋರಿಸಿದೆ.

"ಓ, ಇದಾ? ಇದನ್ನ ಹತ್ತಿದವ್ರ ಯಾರೂ ಇಲ್ಲರಿ ಸಾಹೇಬ್ರ. ಹುಲಿ ಐತಂತ."

ಅಂಗಳದ ತುಂಬ ಮುರುಗಲ ಹಣ್ಣಿನ ಸಿಪ್ಪೆ ಕೆಂಪಗೆ ಒಣಗುತ್ತಿತ್ತು. ಎಲ್ಲಿಂದ ಬಂತೆಂದು ಕೇಳಿದರೆ "ಸಂತಿಂದ ತಂದದ್ದರಿ" ಎಂದಳು. ಅದರದೇ ಶರಬತ್ತು ಕೊಟ್ಟಳು. ನಾನೆಂಥ ಜಾಣ ನೋಡಿ, ಎರಡು ಲೋಟ ಕುಡಿದು ಅವಳು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಬರೆದುಕೊಂಡೆ.

ಬರೆದದ್ದನ್ನು ಓದಿ ಹೇಳಿಯೇ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕೆಂಬುದು ನಿಯಮ. ಓದಿದೆ: "ಈ ಗುಡ್ಡ ಯಾರ ಉಪಯೋಗಕ್ಕೂ ಇಲ್ಲ. ಸುತ್ತ ಬೇಲಿ ಹಾಕಿ, ಇರುವ ಮರ ತೆಗೆದು ಬೇರೆ ಗಿಡ ನೆಟ್ಟರೆ ಯಾರಿಗೂ ತೊಂದರೆಯಿಲ್ಲ."

ಮಸಿ ಹಚ್ಚಿದ ಹೆಬ್ಬೆಟ್ಟು ಕಾಗದಕ್ಕೆ ತಾಗದೆ ಅಲ್ಲೇ ನಿಂತಿತು.

"ಬೇಲಿ? ನೀವು ಫಾರೆಸ್ಟಿನವ್ರಲ್ಲೇನು?"

"ಅಲ್ಲರಿ, ಬ್ಯಾಂಕಿನ ಕಡಿಯವ್ರು."

"ಮತ್ತ ಆ ಜೀಪು? ಆ ಅಂಗಿ?"

ಶೌಕತ ತನ್ನ ಅಂಗಿಯನ್ನೇ ನೋಡಿಕೊಂಡ. "ಅರೇ, ನಾ ಡ್ರೈವರ್ ಅದೇನಿ ಅವ್ವಾ! ನನ್ನ ನೋಡಿ ಇವತ್ತಿನ ತನಕ ಕೋಳೀನೂ ಅಂಜಿಲ್ಲ."

"ಮೊದಲ ಹೇಳಾಕ ಏನಾಗಿತ್ತು ನಿಮಗ!" ಗೋದುಬಾಯಿಗೆ ಕೆಂಡದಂಥ ಸಿಟ್ಟು. "ನಡ್ರಿ ಮ್ಯಾಲ, ತೋರಸ್ತೇನಿ."

ನಾನು ಏದುಸಿರು ಬಿಡುತ್ತ ಅವಳ ಹಿಂದೆ ಹತ್ತಿದೆ. ಹುಲಿಯ ಸುದ್ದಿಯೇ ಬರಲಿಲ್ಲ. "ಇದು ನಮ್ಮ ಅತ್ತೀ ಕಡಿಂದ ನನಗ ಬಂದ ಮರ. ಇದು ಶಿವಗಂಗವ್ವನ ಪಾಲಿಂದು. ಇದು ಸೋಮಾರಿ, ಒಂದ ವರ್ಷ ಬಿಟ್ಟ ಒಂದ ವರ್ಷ ಹಣ್ಣ ಕೊಡತೈತಿ." ಅರವತ್ತೆರಡು ಮುರುಗಲ ಮರ, ಪ್ರತಿಯೊಂದಕ್ಕೂ ಒಬ್ಬ ಒಡತಿ. ಟೊಂಗೆ ಮುರಿಯುವಂತಿಲ್ಲ, ತುದಿಯ ಹಣ್ಣು ಹಕ್ಕಿಗೇ ಬಿಡಬೇಕು. ಯಾವ ಕಾಗದದಲ್ಲೂ ಇಲ್ಲದ ಕಾಯಿದೆ. ಮಳೆಗಾಲದಲ್ಲಿ ಕೂಲಿ ನಿಂತಾಗ ಈ ಸಿಪ್ಪೆ ಮಾರಿಯೇ ಮನೆಗೆ ಅಕ್ಕಿ ಬರುವುದು ಎಂದಳು. ಯಾರಿಗೂ ತೊಂದರೆಯಿಲ್ಲ ಎಂದು ಎಷ್ಟು ದುಂಡಗೆ ಬರೆದಿದ್ದೆ ನಾನು! ನನಗೆ ನಿಜಕ್ಕೂ ನಾಚಿಕೆಯಾಯಿತು.

ಕೆಳಗಿಳಿದರೆ ಅಂಗಳದ ತುಂಬ ಹೆಂಗಸರು. ಖಾಕಿ ಅಂಗಿ ಬರೀ ಡ್ರೈವರನದೆಂದು ಶೌಕತ ಮನೆಮನೆಗೆ ಹೇಳಿ ಬಂದಿದ್ದ. ಈಗ ಹತ್ತಿಲ್ಲ ಎನ್ನುವವರು ಒಬ್ಬರೂ ಇರಲಿಲ್ಲ. "ನಾ ಬಸರಿದ್ದಾಗೂ ಹತ್ತೇನಿ, ಬರಕೋರಿ" ಎಂದು ಒಬ್ಬಳು ಕೂಗಿದರೆ, "ನಾ ದಿನಕ್ಕ ಎರಡ ಸಲ" ಎಂದು ಇನ್ನೊಬ್ಬಳು. ಹಳೆಯ ಹಾಳೆ ಹರಿದು ಹೊಸದು ಬರೆದೆ. ಬರೆದು ಬರೆದು ಕೈ ಸೋತಿತು, ಅವರ ಬಾಯಿ ಸೋಲಲಿಲ್ಲ.

ಓದಿ ಮುಗಿಸಿದಾಗ ಗೋದುಬಾಯಿ ಮೆಲ್ಲಗೆ ಕೇಳಿದಳು: "ಈ ಕಾಗದ ಫಾರೆಸ್ಟಿನವ್ರ ಕೈಗೂ ಹೋಗತೈತೇನ್ರಿ?"

ಹೆಂಗಸರೆಲ್ಲ ನನ್ನತ್ತ ತಿರುಗಿದರು. ಇಲ್ಲ ಎನ್ನಬಹುದಿತ್ತು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಹೋಗಬಹುದು" ಎಂದೆ.

ಮುಂದೆ ಬ್ಯಾಂಕಿನವರು ಆ ಗುಡ್ಡವನ್ನು ಯೋಜನೆಯಿಂದ ಕೈಬಿಟ್ಟರು ನಿಜ. ಆದರೆ ಅದು ಮಳೆಗಾಲ ಕಳೆದ ಮೇಲಿನ ಮಾತು. ಆ ಹೊತ್ತಿನಲ್ಲಿ ಅದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ತುಳಜಾ ಅತ್ತೆಯ ಕೈ ಹಿಡಿದಳು. "ಬ್ಯಾಡರಿ ಅತ್ತಿ, ಗುಡ್ಡ ಹತ್ತೀವಂತ ಫಾರೆಸ್ಟಿನವ್ರು ದಂಡ ಹಾಕ್ತಾರ."

"ಹಾಕಲಿ" ಎಂದಳು ಗೋದುಬಾಯಿ. "ಇಷ್ಟ ದಿನ ಕದ್ದ ಹೋಗ್ತಿದ್ದಿವಿ. ಇನ್ನ ಹೇಳಿ ಹೋಗೂಣು."

ಹೆಬ್ಬೆಟ್ಟು ಒತ್ತಿ, ಕಾಗದವನ್ನು ಸೊಸೆಯ ಮುಂದೆ ಹಿಡಿದಳು.