ಹಲೀಮಾ ಎಂದು ಯಾಕೆ ಇಟ್ಟೆವು

ಕಾವಲಿಗೆ ನೀರುದೋಸೆ ಹೊಯ್ಯುತ್ತಿದ್ದೆ. ಮಗಳು ನೋಟ್‌ಬುಕ್ ಹಿಡಿದು ಬಂದು ನನ್ನ ನೈಟಿ ಎಳೆದಳು.

"ಉಮ್ಮಾ, ಇವತ್ತು ಕ್ಲಾಸಲ್ಲಿ ನಮ್ಮ ಹೆಸರಿನ ಬಗ್ಗೆ ಬರೆದು ಓದ್ಬೇಕು. ಅರ್ಥ ಎಂತ, ಯಾಕೆ ಇಟ್ಟದ್ದು ಅಂತ."

"ಬಸ್ಸು ಬರುವಾಗ ನೆನಪಾಯ್ತಾ? ಬರಿ. ಹಲೀಮಾ ಅಂದ್ರೆ ತಾಳ್ಮೆ ಇರುವವಳು, ಮೃದು ಮನಸ್ಸಿನವಳು."

"ಅದು ಮೊಬೈಲಲ್ಲೇ ಉಂಟು. ಕ್ಲಾಸಲ್ಲಿ ರುಮೈಸಾ ಮೂವರಿದ್ದಾರೆ, ಟೀಚರ್ ನಂಬರ್ ಹಾಕಿ ಕರೀತಾರೆ. ಹಲೀಮಾ ನಾನೊಬ್ಬಳೇ. ಅಜ್ಜಿ ಹೆಸರು ಅಂತ ನಗಾಡ್ತಾರೆ. ನಮ್ಮಲ್ಲಿ ಯಾವ ಅಜ್ಜಿಗೆ ಉಂಟು ಈ ಹೆಸರು?"

"ಯಾರಿಗೂ ಇಲ್ಲ."

"ಮತ್ತೆ ಯಾಕೆ ಇಟ್ಟದ್ದು?"

ದೋಸೆಯ ಅಂಚು ಕರಟಿತು.

ಅವಳು ಹುಟ್ಟಿದ ವಾರವೇ ನನಗೆ ನಂಜೇರಿ ಹನ್ನೆರಡು ದಿನ ಐಸಿಯುನಲ್ಲಿದ್ದೆ. ಬಾಟಲಿ ಹಾಲು ಮಗುವಿಗೆ ಹಿಡಿಸಲಿಲ್ಲ. ಬಿಜೈಯ ಈ ಮನೆಯ ಪಕ್ಕದಲ್ಲೇ ಇದ್ದ ಆಶಕ್ಕ, ತನ್ನ ಎರಡು ತಿಂಗಳ ಮಗ ಶೋಭಿತ್‌ನ ಜೊತೆ ಇವಳಿಗೂ ಹಾಲೂಡಿಸಿದರು. ನಮ್ಮಲ್ಲಿ ಹಾಲು ಕೊಟ್ಟವಳೂ ತಾಯಿಯೇ, ಅವಳ ಮಕ್ಕಳು ಒಡಹುಟ್ಟಿದವರೇ. "ನನ್ನ ಅತ್ತೆಗೆ ಮಾತ್ರ ಗೊತ್ತಾಗ್ಬಾರ್ದು ಮಾರಾಯ್ತಿ" ಎಂದು ಆಶಕ್ಕ ನನ್ನಿಂದ ಮಾತು ತೆಗೆದುಕೊಂಡಿದ್ದರು. ಪ್ರವಾದಿಯವರಿಗೆ ಎಳವೆಯಲ್ಲಿ ಹಾಲುಣಿಸಿದ ಸಾಕುತಾಯಿಯ ಹೆಸರನ್ನೇ ಮಗಳಿಗೆ ಇಟ್ಟೆವು. ಹಳೆಯ ಹೆಸರು, ಯಾಕೆ ಇಟ್ಟದ್ದೆಂದು ಯಾರು ಕೇಳುತ್ತಾರೆ ಅಂದುಕೊಂಡೆವು.

ಮಗಳ ಪ್ರತಿ ಹುಟ್ಟುಹಬ್ಬಕ್ಕೆ ಪಾಯಸದ ಮೊದಲ ಬಟ್ಟಲು ಆಶಕ್ಕನಿಗೆ ಹೋಗುತ್ತಿತ್ತು. ಎರಡು ವರ್ಷದ ಹಿಂದೆ ಊರಲ್ಲಿ ಕೋಮು ಗಲಾಟೆಯಾಯಿತು. ಅವರು ಕದ್ರಿಗೆ ಮನೆ ಬದಲಾಯಿಸಿದರು. "ಸ್ವಲ್ಪ ದಿನ ಬರುವುದು ಬೇಡ" ಎಂದು ಅವರ ಗಂಡ ಫೋನು ಮಾಡಿದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಶೋಭಿತ್ ಇರುವುದು ಇವಳ ಕ್ಲಾಸಿನಲ್ಲೇ. ಇವಳು ಓದಿದ್ದು ಸಂಜೆಯೊಳಗೆ ಆಶಕ್ಕನ ಅತ್ತೆಯ ಕಿವಿಗೆ ಬೀಳುತ್ತದೆ. ಆಮೇಲೆ ಆಶಕ್ಕನ ಗತಿ?

"ಕೇಳ್ಲಿಕ್ಕೆ ಚಂದ ಉಂಟು ಅಂತ ಇಟ್ಟದ್ದು. ಹಾಗೇ ಬರಿ," ಎಂದೆ.

ಅವಳು ಬರೆಯಲಿಲ್ಲ. ಒಂದೇ ಕಾಲಿಗೆ ಶೂ ಹಾಕಿಕೊಂಡು ಕುಂಟುತ್ತಾ ಮತ್ತೆ ಒಲೆಯ ಹತ್ತಿರ ಬಂದಳು.

"ಮೊಬೈಲಲ್ಲಿ ಇನ್ನೊಂದು ಉಂಟು. ಹಲೀಮಾ ಬೇರೆಯವರ ಮಗುವಿಗೆ ಹಾಲು ಕೊಟ್ಟದ್ದಂತೆ."

ನಾನು ಹಿಟ್ಟು ಕದಡಿದೆ. ಕದಡುತ್ತಲೇ ಇದ್ದೆ.

"ನನ್ನ ಬರ್ತ್‌ಡೇ ಪಾಯಸ ಮೊದಲು ಆಶಾ ಆಂಟಿಗೇ ಯಾಕೆ ಕೊಡ್ತಿದ್ದದ್ದು?"

ಹೊರಗೆ ಶಾಲೆ ಬಸ್ಸಿನ ಹಾರ್ನ್ ಕೇಳಿತು. ಅವಳು ನೋಟ್‌ಬುಕ್ಕನ್ನು ಬ್ಯಾಗಿನೊಳಗೆ ತುರುಕಿ ಜಿಪ್ ಎಳೆದಳು.

"ನಾನು ಬರಿಯುದಿಲ್ಲ ಉಮ್ಮಾ, ಯಾರಿಗೂ ಹೇಳುದಿಲ್ಲ. ನನಗೆ ಮಾತ್ರ ಹೇಳು. ನನಗೆ ಹಾಲು ಕೊಟ್ಟದ್ದು ಆಶಾ ಆಂಟಿಯಾ?"